ಅನುಕರಣಯಂತ್ರದಲ್ಲಿ ಕೋರು-ಥ್ರೆಡ್ಡುಗಳ ನಿರೂಪಣೆ

ಒಂದು ಗಣಕದೊಳಗೆ ಮತ್ತೊಂದು ಗಣಕವನ್ನು ತಂತ್ರಾಂಶದಿಂದಲೇ ಕಲ್ಪಿಸುವ 'ಕ್ಯೂಎಮು' ಎಂಬ ಕೃತಿಯನ್ನು ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರರು 2003ರಲ್ಲಿ ಹೊರತಂದರು. ಕಲ್ಪಿತ ಯಂತ್ರಕ್ಕೆ ಎಷ್ಟು ಸಾಕೆಟ್ಟು, ಸಾಕೆಟ್ಟಿಗೆ ಎಷ್ಟು ಕೋರು, ಕೋರಿಗೆ ಎಷ್ಟು ಥ್ರೆಡ್ಡು ಎಂಬುದನ್ನು ಬಳಸುವವನೇ ಗೊತ್ತುಮಾಡಬಹುದು. ಈ ನಿರೂಪಣೆಯು ಎಷ್ಟರಮಟ್ಟಿಗೆ ಯಥಾರ್ಥವೆಂಬುದೇ ಇಲ್ಲಿ ವಿಚಾರಣೀಯ.

ನೀರಮಾನ್ವಿಯಿರುವ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿದ ರೈತನು ಇದರ ಮರ್ಮವನ್ನು ಬಲ್ಲನು: ಎರಡು ಹೊಲಗಳಿಗೆ ಎರಡು ತೂಬುಗಳಿರುವುದು ಬೇರೆ, ಒಂದೇ ತೂಬಿನ ನೀರನ್ನು ಎರಡು ಹೊಲಗಳು ಹಂಚಿಕೊಳ್ಳುವುದು ಬೇರೆ. ಒಂದು ಕೋರಿನ ಎರಡು ಥ್ರೆಡ್ಡುಗಳು ಅದರ ಗಣನಾಂಗಗಳನ್ನು ಹಂಚಿಕೊಳ್ಳುತ್ತವೆ. ಕ್ಯೂಎಮುವಿನಲ್ಲಾದರೋ ಈ ಭೇದವು ಹೆಸರಿನಲ್ಲಿ ಮಾತ್ರ ಉಂಟು. ಒಳಗಿನ ಕಾರ್ಯಾಚರಣ ವ್ಯವಸ್ಥೆಯು ಆ ಹೆಸರನ್ನು ನಂಬಿ ಕೆಲಸವನ್ನು ಹಂಚುತ್ತದೆ. ಆದರೆ ಕಲ್ಪಿತ ಸಂಸ್ಕಾರಕಗಳೆಲ್ಲವೂ ಹೊರಗಣಕದ ಸಾಮಾನ್ಯ ಥ್ರೆಡ್ಡುಗಳೇ. ಅವುಗಳಿಗೆ ಬೇರೆ ಬೇರೆ ಸ್ಥಾನಗಳನ್ನು ನಿಯಮಿಸದಿದ್ದರೆ, ಎರಡು ಕಲ್ಪಿತ ಕೋರುಗಳು ನಿಜವಾದ ಒಂದೇ ಕೋರಿನ ಪಾಲಿಗೆ ಬೀಳಬಹುದು. ಆಜ್ಞೆಗಳನ್ನು ಭಾಷಾಂತರಿಸಿ ನಡೆಸುವ ಕ್ರಮದಲ್ಲಂತೂ, 2017ರ 2.9ನೆಯ ಆವೃತ್ತಿಗೆ ಮುಂಚೆ, ಅವೆಲ್ಲವೂ ಒಂದೇ ಥ್ರೆಡ್ಡಿನಲ್ಲಿ ಸರದಿಯಂತೆ ಓಡುತ್ತಿದ್ದವು.

ಒಟ್ಟು ಸಂಖ್ಯೆಯನ್ನು ಮಾತ್ರ ಕೊಟ್ಟಾಗ ಸಾಕೆಟ್ಟುಗಳನ್ನೇ ಹೆಚ್ಚಿಸುತ್ತಿದ್ದ ವಾಡಿಕೆಯು 2021ರ 6.2ನೆಯ ಆವೃತ್ತಿಯಲ್ಲಿ ಕೋರುಗಳ ಪರವಾಗಿ ಬದಲಾದದ್ದು ಯುಕ್ತವೇ. ಆದರೂ ಅದು ಹೆಸರಿನ ತಿದ್ದುಪಡಿಯೇ ಸರಿ. ಆದುದರಿಂದ, ಪ್ರೋಗ್ರಾಮಿನ ನಡವಳಿಕೆಯನ್ನು ಪರೀಕ್ಷಿಸಲು ಈ ನಿರೂಪಣೆಯು ಬಹುಮಟ್ಟಿಗೆ ಪ್ರಮಾಣ. ಅದರ ವೇಗವನ್ನು ಅಳೆಯಲು ಪ್ರಮಾಣವಲ್ಲ.