ರೂವಾರಿಯ ಹೆಸರು

ಭಾರತೀಯ ವಾಸ್ತುವಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ವ್ಯವಸ್ಥಿತವಾಗಿ ಬರೆದವರಲ್ಲಿ ಜೇಮ್ಸ್ ಫರ್ಗುಸನ್ ಅಗ್ರಗಣ್ಯ. ಕಲ್ಕತ್ತೆಯಲ್ಲಿ ವ್ಯಾಪಾರಿಯಾಗಿದ್ದ ಆತನು 1876ರ ತನ್ನ ಗ್ರಂಥದಲ್ಲಿ ಹಳೇಬೀಡನ್ನು ಮನಸಾರೆ ಮೆಚ್ಚಿದ್ದಾನೆ. ಆದರೆ ಆ ಮೆಚ್ಚಿಕೆಯ ರೀತಿಯನ್ನು ಪರಿಶೀಲಿಸಬೇಕು. ಶುದ್ಧ ಬುದ್ಧಿಯು ಅಥೆನ್ಸಿನ ಪಾರ್ಥೆನಾನಿಗೆ ಸಂದಿತು. ಹಳೇಬೀಡಿಗೆ ಸಂದದ್ದು ಶ್ರದ್ಧೆ, ಭಾವಗಳ ಉಕ್ಕು. ಹೀಗೆ ಹಂಚಿಕೆಯಾದ ಮೇಲೆ, ಆ ಭಿತ್ತಿಗಳ ಹಿಂದೆ ಆಲೋಚಿಸಿ ಕೆಲಸ ಮಾಡಿದವನು ಯಾರೆಂಬ ಪ್ರಶ್ನೆಯೇ ಏಳದು. ಶೈಲಿಗೆ ‘ಚಾಲುಕ್ಯ’ವೆಂಬ ರಾಜವಂಶದ ಹೆಸರು ದೊರೆಯಿತು, ಶಿಲ್ಪಿ ಹೆಸರಿಲ್ಲದವನಾದನು.

ಹೆಸರಾದರೋ ಕಲ್ಲಿನ ಮೇಲೆಯೇ ಇದ್ದಿತು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಆತನ ಮಗ ಚಾವಣನ ಹೆಸರೂ ಕನ್ನಡದಲ್ಲಿ ಕೊರೆಯಲ್ಪಟ್ಟಿವೆ. ಎದುರಾಳಿ ರೂವಾರಿಗಳನ್ನು ಕೆಣಕುವ ಬಿರುದುಗಳೂ ಅಲ್ಲಿವೆ. ಮಲ್ಲಿತಮ್ಮನ ಹೆಸರು 1246ರ ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಕಾಣುತ್ತದೆ. ಊರು, ಕುಲ, ಬಿರುದುಗಳನ್ನು ಹೇಳಿಕೊಳ್ಳುವವನು ಶ್ರದ್ಧೆಯ ಉಕ್ಕಿನಲ್ಲಿ ತನ್ನನ್ನು ಮರೆತವನಲ್ಲ. ತನ್ನ ಕೈಯ ಬೆಲೆಯನ್ನು ಬಲ್ಲವನು.

ಇಲ್ಲಿ ಎರಡು ಮಾತುಗಳನ್ನು ನ್ಯಾಯವಾಗಿ ಹೇಳಬೇಕು. ಈ ಶಾಸನಗಳು ನಮಗೆ ದೊರೆತದ್ದು ಬಿ. ಎಲ್. ರೈಸ್ ಆರಂಭಿಸಿದ ಸಂಗ್ರಹಕಾರ್ಯದ ಮುಂದುವರಿಕೆಯಿಂದಲೇ. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ರೂವಾರಿಗಳ ಹೆಸರುಗಳನ್ನು ದಾಖಲಿಸಿದರು. ವಸಾಹತು ಕಾಲದ ಬರಹವೆಲ್ಲವೂ ತ್ಯಾಜ್ಯವೆಂಬುದು ಆದ್ದರಿಂದ ಸಲ್ಲದು. ಎರಡನೆಯದಾಗಿ, ಫರ್ಗುಸನ್ನನಂಥವರಿಗೆ ಉತ್ತರ ಕೊಟ್ಟ ಆನಂದ ಕುಮಾರಸ್ವಾಮಿಯವರು ಅನಾಮಿಕತೆಯನ್ನೇ ಭಾರತೀಯ ಶಿಲ್ಪಿಯ ಆದರ್ಶವೆಂದು ಎತ್ತಿಹಿಡಿದರು. ತಿರಸ್ಕಾರವು ಅಳಿಸಿದ ಹೆಸರನ್ನು ಗೌರವವೂ ಅಳಿಸಿತು.

ಆದಕಾರಣ ಕಲೆಯ ಚರಿತ್ರೆಯನ್ನು ವಸಾಹತುದೃಷ್ಟಿಯಿಂದ ಬಿಡಿಸುವುದೆಂದರೆ ನಿಂದೆಯ ಜಾಗದಲ್ಲಿ ಸ್ತುತಿಯನ್ನಿಡುವುದಲ್ಲ; ಕಲ್ಲಿನ ಮೇಲಿನ ಕನ್ನಡವನ್ನು ಓದುವುದು. ಹೊಯ್ಸಳ ಶಿಲ್ಪಗಳು ಇಂದು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ವಂಶ, ಶತಮಾನ, ಶಿಲೆಯ ಜಾತಿ ಇಷ್ಟರಿಂದ ವಿವರಣಪತ್ರ ಪೂರ್ಣವಾಗದು. ಯಾವ ಗುಡಿಯಿಂದ ಬಂದಿತು, ಹೇಗೆ ಬಂದಿತು, ರುಜುವಿದ್ದರೆ ಯಾರದು ಎಂಬುದೂ ಅಲ್ಲಿರಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗ ಮುಂದೆ ನಿಂತದ್ದು ಹೊಯ್ಸಳರ ಹೆಸರು. ಅರಸನ ಹೆಸರು ಎಂದೂ ಅಳಿಯಲಿಲ್ಲ. ದಾಸೋಜನದಕ್ಕಾದರೋ ಓದುವವರು ಬೇಕು.