‘ಸರ್’ ಎಂದು ಕರೆಸಿಕೊಳ್ಳುವ ಅಪ್ಪ

ವಿಕ್ರಮಾದಿತ್ಯ ಮೋಟ್ವಾನೆಯವರ ‘ಉಡಾನ್’ (2010) ಚಿತ್ರವನ್ನು ಮತ್ತೆ ನೋಡಿದೆ. ಶಿಮ್ಲಾದ ಬೋರ್ಡಿಂಗ್ ಶಾಲೆಗೆ ಮಗನನ್ನು ಸೇರಿಸಿ ಎಂಟು ವರ್ಷ ಅತ್ತ ತಲೆಹಾಕದ ಅಪ್ಪ, ಜಮ್‌ಶೆಡ್‌ಪುರದ ಮನೆಯಲ್ಲಿ ಅವನಿಂದ ‘ಸರ್’ ಎಂದು ಕರೆಸಿಕೊಳ್ಳುತ್ತಾನೆ. ನನ್ನನ್ನು ಹೊಡೆತಕ್ಕಿಂತ ಹೆಚ್ಚು ಕಲಕಿದ್ದು ಆ ಪದ. ಹದಿನೇಳರ ರೋಹನ್‌ಗೆ ಕವಿತೆಯಾದರೂ ಇದೆ. ಆರು ವರ್ಷದ ಮಲತಮ್ಮ ಅರ್ಜುನ್‌ಗೆ ಮೌನವೊಂದೇ. ಏಟು ತಿಂದು ಆಸ್ಪತ್ರೆ ಸೇರಿದ ಮೇಲೂ ಅವನು ಬಾಯಿ ಬಿಡುವುದಿಲ್ಲ. ಅಂಥ ಮಕ್ಕಳನ್ನೇ ನಾವು ‘ಎಷ್ಟು ಸಾಧು’ ಎಂದು ಹೊಗಳುವುದು!

ಚಿಕ್ಕಪ್ಪ ಜಿಮ್ಮಿಯ ಪಾತ್ರ ಮಾತ್ರ ತೀರಾ ಸಿಹಿಯಾಯಿತು. ರೋನಿತ್ ರಾಯ್ ಅಪ್ಪನನ್ನು ಬರೀ ರಾಕ್ಷಸನಾಗಿಸದೆ, ತಾನೂ ಹೀಗೇ ಬೆಳೆದವನೆಂಬ ಹಟದಲ್ಲಿ ಆಡಿಸಿದ್ದಾರೆ. ಕೊನೆಗೆ ರೋಹನ್ ತಮ್ಮನ ಕೈಹಿಡಿದು ಹೊರಡುತ್ತಾನೆ. ಮನೆತನದ ವಾಚನ್ನು ಮಾತ್ರ ಒಯ್ಯುವುದಿಲ್ಲ.