ಸೂರಕ್ಕಿಗೆ ಕೂರಲು ಕಡ್ಡಿ ಬೇಕು

ಬಾಲ್ಕನಿಯ ಕುಂಡದಲ್ಲಿ ಯಾವ ಹೂ ಇಟ್ಟರೆ ಹಕ್ಕಿ ಬಂದೀತು ಎಂಬುದನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ಅಷ್ಟರಲ್ಲಿ ಓದುಗರೊಬ್ಬರು ತಮ್ಮ ಬಡಾವಣೆಯ ಪಾರ್ಕಿಗೆ ಹಮ್ಮಿಂಗ್‌ಬರ್ಡ್ ಬಂದಿದೆಯೆಂದು ಫೋಟೊ ಕಳಿಸಿದರು. ಹಕ್ಕಿ ನಮ್ಮ ಹಳದಿ ಹೊಟ್ಟೆಯ ಸೂರಕ್ಕಿಯೇ. ಹಮ್ಮಿಂಗ್‌ಬರ್ಡ್‌ಗಳ 350ಕ್ಕೂ ಹೆಚ್ಚು ಜಾತಿಗಳಲ್ಲಿ ಒಂದೂ ಅಮೆರಿಕ ಖಂಡಗಳ ಆಚೆ ಇಲ್ಲ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಆದರೆ ಫೋಟೊದಲ್ಲಿದ್ದ ಗಿಡ ಮಾತ್ರ ನಿಜಕ್ಕೂ ಹಮ್ಮಿಂಗ್‌ಬರ್ಡಿನದು: ಹ್ಯಾಮೀಲಿಯಾ.

ಹ್ಯಾಮೀಲಿಯಾ, ರಸೇಲಿಯಾ, ಮೆಣಸಿನಕಾಯಿ ದಾಸವಾಳ, ಕಾಬಾಳೆ. ಬೆಂಗಳೂರಿನ ಪಾರ್ಕುಗಳ ಅಂಚಿನಲ್ಲಿ ಮತ್ತೆ ಮತ್ತೆ ಕಾಣುವ ಈ ನಾಲ್ಕೂ ಅಮೆರಿಕದಿಂದ ಬಂದವು. ಗಾಳಿಯಲ್ಲಿ ನಿಂತೇ ಮಕರಂದ ಕುಡಿಯುವ ಹಮ್ಮಿಂಗ್‌ಬರ್ಡಿಗೆ ಕೂರುವ ಜಾಗ ಬೇಡ. ಅದಕ್ಕೇ ಇಂಥ ಹೂಗಳು ಬಯಲಿಗೆ ಚಾಚಿಕೊಂಡಿರುತ್ತವೆ, ಇಲ್ಲವೇ ಜೋತುಬಿದ್ದಿರುತ್ತವೆ. ಬಣ್ಣ ಕೆಂಪು, ಕೊಳವೆ ಉದ್ದ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಸೂರಕ್ಕಿ ಅರೆಗಳಿಗೆ ರೆಕ್ಕೆ ಬಡಿಯುತ್ತ ನಿಂತೀತು, ಆದರೆ ಮೂಲತಃ ಅದು ಕೂತು ಕುಡಿಯುವ ಹಕ್ಕಿ. ಮೆಣಸಿನಕಾಯಿ ದಾಸವಾಳದ ಮೇಲೆ ಅದರ ಕೆಲಸ ನೋಡಿ. ತೊಟ್ಟನ್ನು ಹಿಡಿದುಕೊಂಡು, ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಕನ್ನ ಹಾಕುತ್ತದೆ. ಮಕರಂದ ಸಿಕ್ಕಿತು, ಪರಾಗ ಮೈಗೆ ತಾಗಲೇ ಇಲ್ಲ.

ದಕ್ಷಿಣ ಆಫ್ರಿಕದಲ್ಲಿ ಹೀಗಾಗಲಿಲ್ಲ. ದಕ್ಷಿಣ ಅಮೆರಿಕದ ನಿಕೋಟಿಯಾನಾ ಗ್ಲಾಕಾ ಎಂಬ ಹಳದಿ ಹೂವಿನ ಹೊಗೆಸೊಪ್ಪಿನ ಜಾತಿ ಅಲ್ಲಿ ಕಳೆಯಾಗಿ ಹಬ್ಬಿದೆ. ಮ್ಯಾಲಕೈಟ್ ಸೂರಕ್ಕಿಗಳು ಅದರ ಮುಂದೆ ಹಮ್ಮಿಂಗ್‌ಬರ್ಡಿನಂತೆಯೇ ಗಾಳಿಯಲ್ಲಿ ನಿಂತು ಕುಡಿಯುತ್ತವೆ, ಪರಾಗವನ್ನೂ ಸಾಗಿಸುತ್ತವೆ ಎಂದು 2009ರಲ್ಲಿ ಸಂಶೋಧಕರು ಬರೆದರು. ಹಕ್ಕಿ ಹೊಸ ವಿದ್ಯೆ ಕಲಿತದ್ದರಿಂದ ಕಳೆಗೆ ಬಲ ಬಂತು.

‘ದೇಶಿ ಗಿಡ ಮಾತ್ರ’ ಪಂಥದ ಗೆಳೆಯರು ಆ ಕನ್ನವನ್ನೂ ಈ ಕಳೆಯನ್ನೂ ಹಿಡಿದು ಹ್ಯಾಮೀಲಿಯಾವನ್ನು ಕಿತ್ತೆಸೆಯಿರಿ ಎನ್ನುತ್ತಾರೆ. ಅವರೊಂದಿಗೆ ನನ್ನ ಜಗಳ ಹಳೆಯದು, ಈಗಲೂ ಬಿಡುವುದಿಲ್ಲ. 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ದೇಶದೇಶಗಳ ಮರಗಳನ್ನು ಜೋಡಿಸಿ ನೆಡಿಸಿದ ಊರು ಇದು. ಕಡ್ಡಿ ನೆಟ್ಟು ಬೆಳೆಸುವ ಹ್ಯಾಮೀಲಿಯಾದಲ್ಲಿ ಹಕ್ಕಿ ಕನ್ನ ಹಾಕಿದರೆ ತೋಟಕ್ಕೇನು ನಷ್ಟ? ನಷ್ಟ ಮಾಡುವುದು ಕತ್ತರಿ. ತಿಂಗಳು ತಿಂಗಳೂ ಬೇಲಿಯನ್ನು ಪೆಟ್ಟಿಗೆಯಾಕಾರಕ್ಕೆ ಸವರಿ, ಮೊಗ್ಗೆಲ್ಲ ಕಸದ ಗಾಡಿಗೆ ಹಾಕುವವರನ್ನು ಈ ಗೆಳೆಯರು ಒಮ್ಮೆಯೂ ಕೇಳಿದ್ದು ನಾನು ಕಂಡಿಲ್ಲ. ಸಕ್ಕರೆ ನೀರಿನ ಬಾಟಲಿ ತೂಗುಹಾಕುವವರಿಗೂ ಒಂದು ಮಾತು: ನಮ್ಮ ಬಿಸಿಲಿಗೆ ಅದು ಬೇಗ ಹುಳಿಯುತ್ತದೆ, ಸೂರಕ್ಕಿಯ ಮರಿಗೆ ಬೇಕಾದ ಜೇಡ, ಹುಳು ಅದರಲ್ಲಿಲ್ಲ.

ದೇಶಿ ಪಂಥದವರ ಒಂದು ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ನಮ್ಮ ಹಕ್ಕಿಯೂ ನಮ್ಮ ಹೂವೂ ಕೂಡಿ ಮಾಡುವ ಕೆಲಸದ ಸೊಗಸೇ ಬೇರೆ. ಮುತ್ತುಗದ ಹೂಗೊಂಚಲಿನಲ್ಲಿ ಕೂರಲು ಗಟ್ಟಿ ಕಡ್ಡಿ ಉಂಟು. ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಂ ದೆಹಲಿಯಲ್ಲಿ ಸಹೋದ್ಯೋಗಿಗಳ ಜೊತೆ ನಡೆಸಿದ ಮುತ್ತುಗದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹೂವಿಗೆ ಏಳು ಜಾತಿಯ ಹಕ್ಕಿಗಳು ಬರುತ್ತಿದ್ದವು. ಪರಾಗವನ್ನು ಸರಿಯಾಗಿ ತಲುಪಿಸುತ್ತಿದ್ದ ಹಕ್ಕಿ ನೇರಳೆ ಸೂರಕ್ಕಿ ಒಂದೇ. ಅಳಿಲೂ ಒಂದಿಷ್ಟು ನೆರವಾಗುತ್ತಿತ್ತು.

ಆದರೂ ನಗರದಲ್ಲಿ ಸೂರಕ್ಕಿಯ ನಿಜವಾದ ಹೂವನ್ನು ಯಾರೂ ನೆಡುವುದಿಲ್ಲ. ಅದು ಬದನಿಕೆ, ಕೆಲವು ಕಡೆ ಬಂದಳಿಕೆ ಎನ್ನುತ್ತಾರೆ. ಮಾವು, ಹೊಂಗೆ, ಬೇವಿನ ಕೊಂಬೆಯಲ್ಲಿ ಬೇರೂರಿ ಮರದ ನೀರು ಹೀರುವ ಪರಾವಲಂಬಿ. ಕುಂಡದ ಮಾತು ಬಿಟ್ಟು ನಾನು ಇಷ್ಟು ದೂರ ಬಂದದ್ದು ಇದಕ್ಕಾಗಿಯೇ. ಮಾಗಿದ ಮೊಗ್ಗಿನ ತುದಿಯನ್ನು ಸೂರಕ್ಕಿ ಕೊಕ್ಕಿನಲ್ಲಿ ಹಿಚುಕಿದ ಕೂಡಲೇ ಹೂ ಸಿಡಿದು ತೆರೆಯುತ್ತದೆ, ಪರಾಗ ಹಕ್ಕಿಯ ಹಣೆಗೆ ಎರಚುತ್ತದೆ. ಮುಂದಿನ ಹೂವಿಗೆ ಅದೇ ಹಣೆ ತಾಗಬೇಕು. ಹಣ್ಣಾದ ಮೇಲೆ ಸರದಿ ಬದನಿಕೆ ಹಕ್ಕಿಯದು. ಅಂಟಂಟಾದ ಬೀಜವನ್ನು ಅದು ಕೊಂಬೆಗೆ ಒರೆಸಿ ಹೋದಲ್ಲಿ ಹೊಸ ಗಿಡ. ಕೊಂಕಣದಲ್ಲಿ ಈ ಎರಡು ಹಕ್ಕಿಗಳು ಬದನಿಕೆಯನ್ನು ಹಬ್ಬಿಸುವ ಬಗೆಯನ್ನು ಸಲೀಂ ಅಲಿ 1931ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ಲಿನಲ್ಲಿ ಬರೆದರು. ನಾನು ಮತ್ತೆ ಮತ್ತೆ ಓದುವ ಲೇಖನ ಅದು.

ಮಾವಿನ ತೋಪಿನವರು ಬದನಿಕೆ ಕಡಿಯುವುದು ಸರಿಯೇ, ಫಸಲು ಅವರ ಅನ್ನ. ಹಣ್ಣಿನ ಹಂಗಿಲ್ಲದ ರಸ್ತೆಬದಿಯ ದೊಡ್ಡ ಮರದಲ್ಲಾದರೂ ಒಂದೆರಡು ಗುಂಪು ಉಳಿಯಲಿ. ಕಡಿಯಲೇಬೇಕಾದರೆ ಹೂ ಮುಗಿದು ಹಣ್ಣು ಮಾಗುವ ಮುನ್ನ ಕಡಿಯಿರಿ. ಅಷ್ಟರಲ್ಲಿ ಸೂರಕ್ಕಿಗೆ ಮಕರಂದ ದಕ್ಕಿರುತ್ತದೆ, ಬೀಜ ಪಕ್ಕದ ಮರಕ್ಕೆ ದಾಟಿರುವುದಿಲ್ಲ.